ಮೂರು ವರ್ಷದ ಮಗಳು ಎಲ್ಲದಕ್ಕೂ ‘ನಾನೇ ಮಾಡ್ತೀನಿ’ ಅಂತಾಳೆ, ಬಿಡಬೇಕಾ?

ಬಿಡಿ. ಆದರೆ ಬೆಳಗ್ಗೆ ಹತ್ತು ನಿಮಿಷ ಬೇಗ ಏಳಿ! ಸಡಿಲವಾದ ಚಡ್ಡಿ, ಜಾಕೆಟ್ ಹಾಕಿಕೊಳ್ಳುವುದು ಸಾಮಾನ್ಯವಾಗಿ 3 ವರ್ಷದ ಹೊತ್ತಿಗೆ ಬರುತ್ತದೆ. ಗುಂಡಿ ಬಿಚ್ಚುವುದು 4ರ ಹೊತ್ತಿಗೆ, ಹಾಕುವುದು 5ರ ಹತ್ತಿರ. ಹಾಗಾಗಿ ಗುಂಡಿಯ ಬಟ್ಟೆ ಎತ್ತಿಟ್ಟು ಎಲಾಸ್ಟಿಕ್‌ನದು ಕೊಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನಮ್ಮ ಮಗ ತಾನೇ ಮೊಸರನ್ನ ತಿನ್ನಲು ಶುರು ಮಾಡಿದಾಗ ಬಾಯಿಗಿಂತ ಮೊಣಕೈಗೇ ಜಾಸ್ತಿ ಹೋಗುತ್ತಿತ್ತು. ನಾನು ಚಮಚ ಕಿತ್ತುಕೊಳ್ಳಲು ಹೋದರೆ, ಅವನ ಅಜ್ಜಿ ಏನೂ ಹೇಳದೆ ನೆಲಕ್ಕೆ ಹಳೇ ಪಂಚೆ ಹಾಸಿದರು.

ಗ್ಯಾಸ್, ಬಿಸಿನೀರು, ತುಂಬಿದ ಬಕೆಟ್ ಇರುವ ಕಡೆ ಮಾತ್ರ ಪಕ್ಕದಲ್ಲೇ ಇರಬೇಕು. ಈಗ ಅವನು ಬಚ್ಚಲಲ್ಲಿ ಚೊಂಬು ಹಿಡಿದು ‘ಅಮ್ಮಾ, ನೀ ಹೋಗು’ ಅನ್ನುತ್ತಾನೆ. ಸ್ವಲ್ಪ ಬೇಜಾರಾಗುತ್ತದೆ, ಸುಳ್ಳೇಕೆ ಹೇಳಲಿ. ಹೋಗುವುದಿಲ್ಲ, ಬೆನ್ನು ತಿರುಗಿಸಿ ನಿಲ್ಲುತ್ತೇನೆ.