ಹಿಮಗಾಳಿಗೆ ಮೈಯೊಡ್ಡುವ ಮುನ್ನ

ಪ್ರಶ್ನೆ: ಬರುವ ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಹೊರಟಿದ್ದೇನೆ. ಕೊರೆಯುವ ಚಳಿ, ಗಾಳಿಗಳ ನಡುವೆ ನನ್ನ ಮನೋಬಲವನ್ನು ಒರೆಗೆ ಹಚ್ಚಬೇಕೆಂಬುದು ಆಸೆ. ಅದಕ್ಕಾಗಿ ದಿನವೂ ತಣ್ಣೀರು ಸ್ನಾನ ಮಾಡುತ್ತಿದ್ದೇನೆ. ಈ ಸಿದ್ಧತೆ ಸಾಕೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಆಸೆ ಮೆಚ್ಚುವಂಥದ್ದೇ. ಆದರೆ ತಣ್ಣೀರು ಸ್ನಾನದಿಂದ ಚಳಿಯ ಅಂಜಿಕೆ ತಗ್ಗೀತೇ ಹೊರತು ಬೆರಳ ತುದಿಗಳಿಗೆ ರಕ್ಷಣೆ ಸಿಗದು. ಚಾರಣ ಆರಂಭವಾಗುವ ಸಾಂಕ್ರಿ ಗ್ರಾಮವೇ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟು ಎತ್ತರದಲ್ಲಿದೆ. ಸುಮಾರು 3,800 ಮೀಟರ್ ಎತ್ತರದ ಶಿಖರ ತಲುಪಲು ಅಲ್ಲಿಂದ ಮತ್ತೆ ಅಷ್ಟೇ ಏರಬೇಕು. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಗಾಳಿ ಸೇರಿತೆಂದರೆ ಲೆಕ್ಕವೇ ಬೇರೆ: ದೇಹದ ಶಾಖದಿಂದ ಚರ್ಮದ ಮೇಲೆ ಬೆಚ್ಚಗಾಗಿ ನಿಂತ ಗಾಳಿಯ ತೆಳು ಪದರವನ್ನು ಅದು ಕ್ಷಣಕ್ಷಣಕ್ಕೂ ಒಯ್ಯುವುದರಿಂದ, ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಮುಖಕ್ಕೆ ಮೈನಸ್ 21ರ ಚಳಿಯೇ ತಾಗುತ್ತದೆ.

ಮನೋಬಲದ ನಿಜವಾದ ಪರೀಕ್ಷೆ ನಡೆಯುವುದು ಶಿಖರ ಏರುವ ದಿನ. ಕತ್ತಲಲ್ಲೇ ಹೊರಟು ಏರತೊಡಗಿದ ಸ್ವಲ್ಪ ಹೊತ್ತಿಗೆ ಮೈ ಬಿಸಿಯಾಗುತ್ತದೆ. ಉಳಿದವರು ಮುಂದೆ ಹೋದಾರೆಂಬ ಸಂಕೋಚಕ್ಕೆ ಯಾರೂ ನಿಂತು ಜಾಕೆಟ್ ಬಿಚ್ಚುವುದಿಲ್ಲ. ಒಳಅಂಗಿ ಬೆವರಿನಿಂದ ತೊಯ್ದಿರುತ್ತದೆ. ಮರಗಳ ಮರೆ ದಾಟಿ ಬಯಲು ಏರಿಗೆ ಬಂದೊಡನೆ ಗಾಳಿ ನೇರವಾಗಿ ಬಡಿದು, ಆ ಒದ್ದೆ ಬಟ್ಟೆಯೇ ಮೈಶಾಖವನ್ನು ಹೀರತೊಡಗುತ್ತದೆ. ಹತ್ತಿಯ ಬನಿಯನ್ ಆದರಂತೂ ಬೇಗ ಒಣಗುವುದೇ ಇಲ್ಲ. ಉಣ್ಣೆಯದೋ ಬೆವರು ಹೊರಹಾಕುವ ಥರ್ಮಲ್ಲೋ ಇರಲಿ. ಬೆವರುವ ಮುನ್ನ ನಿಂತು ಒಂದು ಪದರ ಕಳಚುವುದು, ಗಾಳಿ ತಾಗುವ ಮುನ್ನ ಮತ್ತೆ ತೊಡುವುದು, ಎಷ್ಟೇ ಬೇಸರವಾದರೂ ಇದನ್ನು ಪ್ರತಿ ಸಲ ಮಾಡುವವರನ್ನೇ ನಾನು ಗಟ್ಟಿಗರೆನ್ನುತ್ತೇನೆ.

ಬೆರಳು ನೋಯುತ್ತಿರುವಾಗಲೇ ಗೈಡ್‌ಗೆ ಹೇಳಿಬಿಡಿ. ನೋವು ನಿಂತು, ಚರ್ಮ ಬೆಳ್ಳಗೆ ಮರಗಟ್ಟಿದರೆ ಅದು ಅಪಾಯದ ಸೂಚನೆ. ಆಗ ಹಿಮದಿಂದ ಉಜ್ಜಲೇಬಾರದು. ನಾಲಿಗೆ ತೊದಲಿ, ಹೆಜ್ಜೆ ತಪ್ಪತೊಡಗಿದರೆ ದೇಹದ ಒಳಶಾಖವೇ ಕುಸಿಯುತ್ತಿದೆ ಎಂದರ್ಥ, ಮತ್ತು ಅದು ಅನುಭವಿಸುವವರ ಅರಿವಿಗೇ ಬರದೆ ಹೋಗಬಹುದು. ಆದ್ದರಿಂದ ಪರಸ್ಪರ ಗಮನಿಸಿಕೊಳ್ಳಲು ಜೊತೆಗಾರರೊಬ್ಬರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಅವರು ಇಳಿಯೋಣವೆಂದರೆ ವಾದಿಸದೆ ಇಳಿಯಿರಿ. ಚಳಿಗೆಂದು ಮದ್ಯ ಬೇಡವೇ ಬೇಡ. ಅದು ಬೆಚ್ಚಗಾದಂತೆ ತೋರಿಸಿ ಶಾಖವನ್ನು ಹೊರಗೆ ಬಿಡುತ್ತದೆ.

ತಣ್ಣೀರು ಸ್ನಾನ ಬಿಡಬೇಕೆಂದೇನಿಲ್ಲ. ಜೊತೆಗೆ ಬೆನ್ನಿಗೆ ಚೀಲ ಹೊತ್ತು ಮೆಟ್ಟಿಲು ಹತ್ತಿ. ದಪ್ಪ ಕೈಗವಸು ತೊಟ್ಟೇ ಜಿಪ್ ಎಳೆಯುವುದನ್ನೂ ನೀರಿನ ಬಾಟಲಿ ತೆರೆಯುವುದನ್ನೂ ಮನೆಯಲ್ಲೇ ರೂಢಿಸಿಕೊಳ್ಳಿ.