ಓದುಗರ ಪ್ರಶ್ನೆ: ಹಳೆಯ ಚರ್ಚಿನ ಜೀರ್ಣೋದ್ಧಾರಕ್ಕೆ ಹಣ ಹೊಂದಿಸುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಸೀಮೆಯ ನಮ್ಮ ಕಥೋಲಿಕ ಚರ್ಚು ನೂರು ವರ್ಷ ದಾಟಿದ ಕಟ್ಟಡ. ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚಿನ ಮಾಡು. ಈಚಿನ ಮಳೆಗಾಲಗಳಲ್ಲಿ ಬಲಿಪೀಠದ ಮೇಲೆಯೇ ನೀರು ಸೋರುತ್ತಿದೆ. ಕೆಡವಿ ಕಾಂಕ್ರೀಟಿನ ಚರ್ಚು ಕಟ್ಟೋಣವೆಂದು ಕೆಲವರ ವಾದ. ನಮ್ಮವರಲ್ಲಿ ಹೆಚ್ಚಿನವರು ತೋಟದ ಕೂಲಿಕಾರರು, ಸಣ್ಣ ಅಡಿಕೆ ಬೆಳೆಗಾರರು. ಕೆಲವರ ಮಕ್ಕಳು ಹೊರದೇಶದಲ್ಲಿದ್ದಾರೆ. ಹಣ ಸಂಗ್ರಹ ಎಲ್ಲಿಂದ ಆರಂಭಿಸಬೇಕು? ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವುದೇ?
– ಹಣಕಾಸು ಸಮಿತಿಯ ಸದಸ್ಯರೊಬ್ಬರು

ಉತ್ತರ: ರಸೀದಿ ಪುಸ್ತಕ ಅಚ್ಚು ಹಾಕಿಸುವ ಮುನ್ನ ಕಟ್ಟಡದ ತಪಾಸಣೆ ಮಾಡಿಸಿ. ಎಷ್ಟು ಹಣ ಬೇಕು, ಯಾವುದಕ್ಕೆ ಬೇಕು ಎಂದು ಹೇಳಲಾಗದ ಸಮಿತಿಗೆ ಜನ ಒಮ್ಮೆ ಕೊಟ್ಟಾರು, ಎರಡನೆಯ ಸಲ ಕೊಡಲಾರರು. ಹಳೆಯ ಕಟ್ಟಡಗಳ ಸಂರಕ್ಷಣೆ ಬಲ್ಲ ವಾಸ್ತುಶಿಲ್ಪಿಯನ್ನೇ ಕರೆಸಿ. ಪಾರಂಪರಿಕ ಕಟ್ಟಡ, ಕಲಾಕೃತಿಗಳ ಸಂರಕ್ಷಣೆಗೆಂದು 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಯನ್ನು ವಿಚಾರಿಸಬಹುದು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿರುವ, ಇಟಲಿಯ ಚಿತ್ರಕಾರ ಮೊಶೇನಿಯ ವರ್ಣಚಿತ್ರಗಳನ್ನು 1990ರ ದಶಕದಲ್ಲಿ ಸಂರಕ್ಷಿಸಿದ್ದು ಅದೇ ಸಂಸ್ಥೆ.

ತಪಾಸಣೆಯ ದಿನ ಸಮಿತಿಯವರೂ ಏಣಿ ಹತ್ತಿ ನೋಡಬೇಕು. ಹೆಂಚು ಒಡೆದದ್ದು ಕೆಳಗಿನಿಂದಲೇ ಕಾಣುತ್ತದೆ. ಕಾಣದಿರುವುದು ಗೋಡೆಯೊಳಗೆ ಕೂತ ತೊಲೆಯ ತುದಿ. ಅಲ್ಲಿ ಮೊಳೆಯಿಂದ ಚುಚ್ಚಿದಾಗ ಮರ ಪುಡಿಯಾಗಿ ಉದುರಿದರೆ, ಹೆಂಚು ಬದಲಿಸಿ ಪ್ರಯೋಜನವಿಲ್ಲ, ತೊಲೆಯದೇ ಚಿಕಿತ್ಸೆ ಆಗಬೇಕು. ಹೆಂಚನ್ನು ಹೊರುವ ಮರದ ಪಕಾಸು, ರೀಪುಗಳಿಗೆ ಗೆದ್ದಲು ಹಿಡಿದಿದೆಯೇ, ಹಿಂದೆ ಯಾರಾದರೂ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದಿದ್ದಾರೆಯೇ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುವುದರಿಂದ ನಮ್ಮ ಮಳೆಯಲ್ಲಿ ಜಂಬಿಟ್ಟಿಗೆ ಒಳಗಿನಿಂದಲೇ ಸವೆಯುತ್ತದೆ. ಕೆಡವಬೇಕೆನ್ನುವವರೊಂದಿಗೆ ಜಗಳ ಬೇಡ. ದುರಸ್ತಿಯ ಅಂದಾಜು ಮತ್ತು ಹೊಸ ಕಟ್ಟಡದ ಅಂದಾಜು ಎರಡನ್ನೂ ಸಭೆಯ ಮುಂದಿಡಿ. ಗೋಡೆ ಗಟ್ಟಿಯಾಗಿದ್ದರೆ, ಅಜ್ಜ ಅಜ್ಜಿಯರು ಮದುವೆಯಾದ, ಮಕ್ಕಳು ದೀಕ್ಷಾಸ್ನಾನ ಪಡೆದ ಚರ್ಚನ್ನು ನೆಲಸಮ ಮಾಡಲು ಯಾವ ಕಾರಣವೂ ಇಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಅಂದಾಜು ಕೈಗೆ ಬಂದ ಮೇಲೆ ಧರ್ಮಗುರುಗಳ ಮೂಲಕ ಧರ್ಮಾಧ್ಯಕ್ಷರ (ಬಿಷಪ್) ಲಿಖಿತ ಅನುಮತಿ ಪಡೆಯಿರಿ. ಜೀರ್ಣೋದ್ಧಾರಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ನಿರ್ದಿಷ್ಟ ಉದ್ದೇಶಕ್ಕೆ ಬಂದ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕೆಂದು ಕಥೋಲಿಕ ಚರ್ಚಿನ ಕಾನೂನಾದ 1983ರ ಧರ್ಮಸಭಾ ಸಂಹಿತೆಯ 1267ನೆಯ ವಿಧಿ ಹೇಳುತ್ತದೆ. ಈ ಮಾತನ್ನು ಮನವಿ ಪತ್ರದಲ್ಲಿಯೇ ಬರೆದು, ತಿಂಗಳಿಗೊಮ್ಮೆ ಜಮಾ ಖರ್ಚನ್ನು ಚರ್ಚಿನ ಬಾಗಿಲಲ್ಲಿ ಅಂಟಿಸಿ.

ಮೊದಲ ಮನವಿ ಮಾಡಿನ ದುರಸ್ತಿಗೆ ಮಾತ್ರ ಸೀಮಿತವಾಗಿರಲಿ. ನೀರು ಸೋರುವುದು ನಿಲ್ಲದೆ ಬಣ್ಣ, ಗಂಟೆಗೋಪುರ, ನೆಲಹಾಸುಗಳ ಮಾತೇ ಬೇಡ. ಸಣ್ಣ ಬೆಳೆಗಾರರ ಕೈಯಲ್ಲಿ ಹಣವಾಡುವುದು ಅಡಿಕೆ ಕೊಯ್ಲು ಮುಗಿದು ಮಾರಾಟವಾದ ಮೇಲೆ. ವಾಗ್ದಾನವನ್ನು ಈಗ ಪಡೆದರೂ ಪಾವತಿಯನ್ನು ಆಗ ಕೇಳಿ. ಕೂಲಿ ಮಾಡುವ ಮನೆಗಳಿಗೆ ಮೊತ್ತ ನಿಗದಿ ಮಾಡುವುದು ಸರಿಯಲ್ಲ. ಅವರು ಎರಡು ದಿನ ಹೆಂಚು ಇಳಿಸಿಕೊಟ್ಟರೂ ಅದನ್ನು ಕಾಣಿಕೆಯೆಂದೇ ದಾಖಲಿಸಿ, ಹೆಸರು ಓದಿ. ಊರಿನ ಇತರ ಮತದವರನ್ನೂ ಸಂಕೋಚವಿಲ್ಲದೆ ಕೇಳಬಹುದು. ಮರ, ಊಟದ ಅಕ್ಕಿ, ಟ್ರ್ಯಾಕ್ಟರ್ ಕೊಡುವವರು ಮಲೆನಾಡಿನಲ್ಲಿ ಇದ್ದೇ ಇರುತ್ತಾರೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಚರ್ಚು ದುರಸ್ತಿಯ ಅನುದಾನಕ್ಕೆ ಅರ್ಜಿ ಹಾಕಿ, ಆದರೆ ಆ ಹಣವನ್ನು ನಂಬಿ ಕೆಲಸ ತಡೆಹಿಡಿಯಬೇಡಿ.

ಹೊರದೇಶದ ಹಣದಲ್ಲಿ ಎಚ್ಚರ ಅಗತ್ಯ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ, ಮತ್ತು 2020ರ ತಿದ್ದುಪಡಿಯ ನಂತರ ನೋಂದಾಯಿತ ಸಂಸ್ಥೆಯೊಂದು ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆದ್ದರಿಂದ ಪ್ರತಿ ದಾನಿಯ ಪೌರತ್ವವನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ತೆರಿಗೆಯ ವಿಷಯದಲ್ಲಿ ದಾನಿಗಳಿಗೆ ಆಸೆ ಹುಟ್ಟಿಸಬೇಡಿ. 1961ರ ಆದಾಯ ತೆರಿಗೆ ಕಾಯ್ದೆಯಿಂದ 80ಜಿ ಎಂದು ಪರಿಚಿತವಾದ ರಿಯಾಯಿತಿ ಚರ್ಚಿನ ದುರಸ್ತಿಗೆ ಸಿಗುವುದು, ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವದ್ದೆಂದೋ ರಾಜ್ಯದಾದ್ಯಂತ ಪ್ರಸಿದ್ಧವಾದ ಆರಾಧನಾ ಸ್ಥಳವೆಂದೋ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದರೆ. ಆಗಲೂ 2,000 ರೂಪಾಯಿ ಮೀರಿದ ನಗದಿಗೆ ಅದು ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಇಲ್ಲ. ಲೆಕ್ಕಪರಿಶೋಧಕರ ಲಿಖಿತ ಸಲಹೆ ಬರುವವರೆಗೆ ರಸೀದಿಯ ಮೇಲೆ ‘ತೆರಿಗೆ ವಿನಾಯಿತಿ’ ಎಂದು ಅಚ್ಚು ಹಾಕಿಸಬೇಡಿ.

ಮಾಡು ಬಿಚ್ಚುವ ಕೆಲಸವನ್ನು ಡಿಸೆಂಬರಿನಲ್ಲಿ ಹಿಡಿದರೆ ಮೇ ಒಳಗೆ ಹೆಂಚು ಹೊದಿಸಬಹುದು. ಅಷ್ಟರಲ್ಲಿ ಹಣ ಪೂರ್ತಿ ಸೇರುವ ಭರವಸೆ ಇಲ್ಲದಿದ್ದರೆ ಬಲಿಪೀಠದ ಭಾಗವನ್ನಷ್ಟೇ ಈ ವರ್ಷ ಬಿಚ್ಚಿ, ಉಳಿದದ್ದಕ್ಕೆ ಹೊದಿಸುವ ಟಾರ್ಪಾಲಿನ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಿಕೊಳ್ಳಿ.