ಬಿಲ್ ಕೇಳಿದ್ರೆ ಫಂಕ್ಷನ್ ಬರ್ತಿದೆ!

ಪ್ರಶ್ನೆ: ಸಾರ್, ನಮ್ಮ ಮಾವನ ದರ್ಶಿನಿಗೆ ಅಂತ ಓಕ್ಯಾಮಲ್ (OCaml) ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಚಿಕ್ಕದೊಂದು ಬಿಲ್ಲಿಂಗ್ ಪ್ರೋಗ್ರಾಂ ಬರೀತಿದೀನಿ. ಬಿಲ್ ಅನ್ನೋ ಫಂಕ್ಷನ್‌ಗೆ ಮೊದಲು ಮೊತ್ತ, ಆಮೇಲೆ ಪಾರ್ಸೆಲ್ ಚಾರ್ಜು. ಪಾರ್ಸೆಲ್ ಎಲ್ರೂ ತಗೊಳಲ್ವಲ್ಲ, ಅದಕ್ಕೆ ಅದನ್ನ ಆಪ್ಷನಲ್ ಮಾಡಿ ಡೀಫಾಲ್ಟ್ 0 ಕೊಟ್ಟೆ. ಈಗ ‘ಬಿಲ್ 120’ ಅಂದ್ರೆ ನಂಬರ್ ಬರಲ್ಲ, ಇನ್ನೊಂದು ಫಂಕ್ಷನ್ ಬರತ್ತೆ, ಜೊತೆಗೆ ಒಂದು ವಾರ್ನಿಂಗ್ ಬೇರೆ. ಪೈಥಾನ್‌ನಲ್ಲಿ ಇದೇ ಆರ್ಡರ್ ಸಲೀಸಾಗಿ ನಡೀತಿತ್ತಲ್ಲ?
— ಓದುಗರು, ರಾಜಾಜಿನಗರ

ಉತ್ತರ: ಆರ್ಡರ್ ತಿರುಗಿಸಿ, ಸರಿಹೋಗತ್ತೆ. ?ಪಾರ್ಸೆಲ್ (? ಅಂದ್ರೆ ಆಪ್ಷನಲ್) ಮೊದಲು, ಮೊತ್ತ ಕೊನೇಲಿ. ಆಗ ‘ಬಿಲ್ 120’ ಅಂದ್ರೆ 120, ‘ಬಿಲ್ ~ಪಾರ್ಸೆಲ್:10 120’ ಅಂದ್ರೆ 130. ~ ಹಾಕಿದ್ರೆ ಹೆಸರು ಹೇಳಿ ಕೊಡೋದು ಅಂತ, ಆ ಹೆಸರೇ ಲೇಬಲ್.

ಆದ್ರೆ ಯಾಕೆ ಹೀಗೆ ಅಂತ ತಿಳ್ಕೊಳ್ಳಿ, ಇಲ್ದಿದ್ರೆ ನಾಳೆ ಇನ್ನೊಂದು ಕಡೆ ಸಿಕ್ಕಾಕೋತೀರ. ಪೈಥಾನ್‌ನಲ್ಲಿ ಬ್ರ್ಯಾಕೆಟ್ ಮುಚ್ಚಿದ ತಕ್ಷಣ ಇವ್ರು ಕೊಡೋದು ಇಷ್ಟೇ ಅಂತ ಗೊತ್ತಾಗತ್ತೆ. ಓಕ್ಯಾಮಲ್‌ನಲ್ಲಿ ಆ ಬ್ರ್ಯಾಕೆಟ್ಟೇ ಇಲ್ಲ, ಫಂಕ್ಷನ್ ಒಂದೊಂದೇ ಆರ್ಗ್ಯುಮೆಂಟ್ (ಅಂದ್ರೆ ನೀವು ಅದಕ್ಕೆ ಕೊಡೋ ಬೆಲೆ) ತಗೊಂಡು ಹೋಗತ್ತೆ, ಕಮ್ಮಿ ಕೊಟ್ರೆ ಅದು ತಪ್ಪಲ್ಲ, ಉಳಿದಿದ್ದಕ್ಕೆ ಕಾಯೋ ಹೊಸ ಫಂಕ್ಷನ್ ಕೈಗೆ ಬರತ್ತೆ, ಇದನ್ನೇ ಕರಿಯಿಂಗ್ ಅನ್ನೋದು. ಹಂಗಾದ್ರೆ ನೀವು ಪಾರ್ಸೆಲ್ ಬೇಡ ಅಂತ ಬಿಟ್ರಾ, ಆಮೇಲೆ ಕೊಡ್ತೀನಿ ಅಂತ ಬಿಟ್ರಾ? ಕೋಡ್ ಓದಿ ತಪ್ಪು ಹಿಡಿಯೋ ಕಂಪೈಲರ್‌ಗೆ ಹೇಗೆ ಗೊತ್ತಾಗ್ಬೇಕು? ಅದಕ್ಕೇ ಒಂದು ರೂಲ್: ಆಪ್ಷನಲ್ ಆದ್ಮೇಲೆ ಬರೋ, ಲೇಬಲ್ ಇಲ್ಲದ ಆರ್ಗ್ಯುಮೆಂಟನ್ನ ನೀವು ಕೊಟ್ಬಿಟ್ರೆ ಆಪ್ಷನಲ್ ಬೇಡ ಅಂತಾನೇ ಲೆಕ್ಕ. ನಿಮ್ಮ ಕೋಡಲ್ಲಿ ಪಾರ್ಸೆಲ್ ಆದ್ಮೇಲೆ ಏನೂ ಇಲ್ಲ, ಸೋ ಅದು ಕಾಯ್ತಾನೇ ಇರತ್ತೆ. ಆ ವಾರ್ನಿಂಗ್ ಹೇಳ್ತಿರೋದೂ ಇದನ್ನೇ. ಎಲ್ಲಾ ಆರ್ಗ್ಯುಮೆಂಟೂ ಆಪ್ಷನಲ್ ಆಗಿದ್ರೆ ಕೊನೇಲಿ ಲೇಬಲ್ ಇಲ್ಲದ ಆರ್ಗ್ಯುಮೆಂಟಾಗಿ ಒಂದು ಖಾಲಿ () ಇಡಿ, ಅದು ಬಂದ್ರೆ ಮುಗೀತು ಅಂತ ಅರ್ಥ.

ಈ ಲೇಬಲ್ಲು, ಆಪ್ಷನಲ್ಲು ಎಲ್ಲಾ ಜಾಕ್ ಗಾರಿಗ್ ಅವರ ಕೆಲಸ, 2000ದಲ್ಲಿ 3.00 ವರ್ಷನ್‌ಗೆ ಸೇರಿತು. ಹ್ಯಾಸ್ಕೆಲ್ ಅನ್ನೋ ಇನ್ನೊಂದು ಭಾಷೇಲಂತೂ ಆಪ್ಷನಲ್ ಆರ್ಗ್ಯುಮೆಂಟೇ ಇಲ್ಲ. ಅಲ್ಲಿ ಡೀಫಾಲ್ಟ್ ತುಂಬಿದ ಒಂದು ರೆಕಾರ್ಡ್ (ಹೆಸರಿಟ್ಟ ಫೀಲ್ಡ್‌ಗಳ ಗುಂಪು) ಇಟ್ಕೊಂಡು, ಬೇಕಾದ ಫೀಲ್ಡ್ ಅಷ್ಟೇ ಬದಲಾಯಿಸಿ ಕಳಿಸ್ತಾರೆ. ನಿಮಗೂ ಆಪ್ಷನ್‌ಗಳು ನಾಲ್ಕೈದು ಆದ್ರೆ ಅದೇ ದಾರಿ ಹಿಡೀರಿ, ಓದೋರಿಗೂ ಸುಲಭ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ ಅನ್ಸತ್ತೆ. ಆಮೇಲೆ ಜಿಎಸ್‌ಟಿ ಸೇರಿಸೋವಾಗ ದಯವಿಟ್ಟು ಅದನ್ನೂ ಡೀಫಾಲ್ಟ್ 0 ಅಂತ ಆಪ್ಷನಲ್ ಮಾಡ್ಬೇಡಿ. ಪಾರ್ಸೆಲ್ ಚಾರ್ಜ್ ಇಲ್ದೇ ಇರೋದು ಮಾಮೂಲಿ, ಆದ್ರೆ ಟ್ಯಾಕ್ಸ್ ಮರೆತ್ರೆ ಬಿಲ್ಲೇ ತಪ್ಪು, ಮತ್ತೆ ಕಂಪೈಲರ್ ಒಂದು ಮಾತೂ ಆಡಲ್ಲ. ಅದನ್ನ ~ಜಿಎಸ್‌ಟಿ ಅಂತ ಬರೀ ಲೇಬಲ್ ಹಾಕಿ ಕಡ್ಡಾಯ ಮಾಡಿ, ಮರೆತು ಟೋಟಲ್‌ಗೆ ಕೂಡಿಸಕ್ಕೆ ಹೋದ್ರೆ ಟೈಪ್ ಎರರ್ ಅಲ್ಲೇ ಬರತ್ತೆ.

ಪಾರ್ಸೆಲ್ ಚಾರ್ಜು ಬೇರೆ ಫಂಕ್ಷನ್‌ನಿಂದ ಸಮ್ (Some, ಬೆಲೆ ಇದೆ) ಅಥವಾ ನನ್ (None, ಬೆಲೆ ಇಲ್ಲ) ಆಗಿ ಬರ್ತಿದ್ರೆ ಅದನ್ನ ಬಿಚ್ಚಿ ನೋಡಕ್ಕೆ ಮ್ಯಾಚ್ (match, ಯಾವುದು ಬಂತು ಅಂತ ನೋಡೋ ಕೋಡ್) ಬರೀಬೇಡಿ. ಕರೆಯೋವಾಗ ~ ಬದಲು ‘?ಪಾರ್ಸೆಲ್’ ಅಂತ ಬರೆದ್ರೆ ಹಂಗೇ ಒಳಗೆ ಹೋಗತ್ತೆ, ನನ್ ಬಂದಾಗ ನಿಮ್ಮ 0 ತಾನಾಗೇ ಕೂರತ್ತೆ.